ಒಂದನೇ ಮೆಟ್ಟಿಲಿನ ಮಹಾರಾಜ

ಪಕೀರಪ್ಪನಿಗೆ ಸಿಟ್ಟು ಬಂದರೆ ಮೊದಲು ಗೊತ್ತಾಗುವುದು ಅವನ ಮೀಸೆಗೆ. ಬಾಯಿ ಇನ್ನೂ ಸುಮ್ಮನಿರುವಾಗಲೇ ಬಲಗೈ ಮೇಲೇರಿ ಮೀಸೆಯ ತುದಿಯನ್ನು ಹುರಿ ಮಾಡತೊಡಗುತ್ತದೆ. ಆ ವರ್ಷ ಯುಗಾದಿ ಕಳೆದ ಮೇಲೆ ಆ ಮೀಸೆಗೆ ಬಿಡುವೇ ಇರಲಿಲ್ಲ. "ಹಿಂಗ ತಿರುವಿಕೋತ ಹೊಂಟ್ರ ಕಿತ್ತು ಕೈಯಾಗ ಬರ್ತೈತಿ ನೋಡ್ರಿ" ಎಂದು ಹೆಂಡತಿ ಮುದುಕಮ್ಮ ಎಚ್ಚರಿಸಿಯೂ ಆಗಿತ್ತು.

ಕಾರಣವಿಲ್ಲದ ಸಿಟ್ಟೇನೂ ಅಲ್ಲ. ಕನಕಗಿರಿ ಹತ್ತಿರದ ಅವನ ಹುಟ್ಟೂರಿನಲ್ಲಿ ಒಂದು ದೊಡ್ಡಾಟದ, ಅಂದರೆ ಬಯಲಾಟದ ಮೇಳವಿದೆ. ಆ ಮೇಳದಲ್ಲಿ ಆಟ ಯಾವುದೇ ಇರಲಿ, ರಾಜ ಎಂದರೆ ಪಕೀರಪ್ಪ. ವಾರವಿಡೀ ಖಾಕಿ ತೊಟ್ಟು ಗಂಗಾವತಿಯಿಂದ ಕುಷ್ಟಗಿಗೆ ಸರ್ಕಾರಿ ಬಸ್ಸು ಓಡಿಸುವವನು, ಆಟದ ದಿನ ಕಿರೀಟ, ಭುಜಕೀರ್ತಿ ಕಟ್ಟಿ ಆಟದ ವೇದಿಕೆಯಾದ ಅಟ್ಟದ ಮೇಲೆ ಕಾಲಿಟ್ಟರೆ ಹಲಗೆಗಳು ಗಡಗಡ ಎನ್ನುತ್ತಿದ್ದವು. ಮುಂದೆ ಕೂತ ಮಕ್ಕಳು ತಾಯಂದಿರ ಮಡಿಲಿಗೆ ಸರಿಯುತ್ತಿದ್ದವು. ಸುಳ್ಳು ಯಾಕೆ ಹೇಳಬೇಕು, ಅಂಥ ಧ್ವನಿ ಸುತ್ತಿನ ಯಾವ ಹಳ್ಳಿಯಲ್ಲೂ ಇರಲಿಲ್ಲ. ಆದರೆ ಬಸ್ಸಿನ ಕ್ಲಚ್ಚು ತುಳಿದೂ ತುಳಿದೂ, ಅಟ್ಟದ ಮೇಲೆ ಜಿಗಿದೂ ಜಿಗಿದೂ ಮೊಣಕಾಲು ಕೈಕೊಟ್ಟವು. ನೌಕರಿಯಿಂದ ನಿವೃತ್ತಿಯಾದಾಗ ಅವನಿಗೇನೂ ಬೇಸರವಾಗಲಿಲ್ಲ. ರಾಜನ ಪಾತ್ರದಿಂದ ನಿವೃತ್ತಿ ಮಾಡಿಸಿದಾಗ ಆಯಿತು.

ಆ ಮೇಳದಲ್ಲಿ ಪಾತ್ರಗಳನ್ನು ಬಾಯಿಮಾತಿನಲ್ಲಿ ಹಂಚುವುದಿಲ್ಲ. ಆಟ ಕಲಿಸುವ ಮಾಸ್ತರ ಮರಿಸ್ವಾಮಿ ಎಲೆ ಅಡಿಕೆಯ ವೀಳ್ಯವನ್ನು ಅಂಗೈಯಲ್ಲಿಟ್ಟು ಪಾತ್ರದ ಹೆಸರು ಹೇಳುತ್ತಾನೆ. ತೆಗೆದುಕೊಂಡವನು ಅದನ್ನು ಕಣ್ಣಿಗೊತ್ತಿಕೊಂಡನೋ, ಮುಗಿಯಿತು, ಆಟವಾಡಿ ಬಣ್ಣ ತೊಳೆಯುವ ತನಕ ಆ ಪಾತ್ರ ಅವನದು. ಜ್ವರ ಬರಲಿ, ಮನೆಯಲ್ಲಿ ಮದುವೆಯಿರಲಿ, ಬಿಡುವಂತಿಲ್ಲ. ವೀಳ್ಯ ಹಿಡಿದು ಪಾತ್ರ ಬಿಟ್ಟವನ ಮಾತನ್ನು ಊರಲ್ಲಿ ಮೊಮ್ಮಕ್ಕಳ ಕಾಲಕ್ಕೂ ಆಡುತ್ತಾರೆ. ಈ ಸಲ ಮರಿಸ್ವಾಮಿ ರಾಜನ ವೀಳ್ಯವನ್ನು ಗೊಬ್ಬರದಂಗಡಿಯ ಅಯ್ಯಪ್ಪ ಎಂಬ ಹುಡುಗನ ಕೈಗೆ ಕೊಟ್ಟು, ಪಕೀರಪ್ಪನ ಕಡೆ ತಿರುಗಿ ಸಾರಥಿಯ ವೀಳ್ಯ ಚಾಚಿದ. ಸಾರಥಿ ಎಂದರೆ ಅಟ್ಟದ ಮೇಲೆ ರಾಜನ ಪಕ್ಕ ನಿಂತು 'ತಾವು ಯಾರು, ತಮ್ಮ ಊರು ಯಾವುದು' ಎಂದು ಕೇಳುವವನು, ನಡುನಡುವೆ ಜನರನ್ನು ನಗಿಸುವವನು. ಪಕೀರಪ್ಪ ಎರಡೂ ಕೈಗಳನ್ನು ಬೆನ್ನಿಗೆ ಕಟ್ಟಿಕೊಂಡ. ಹಾಗೇ ಹೊರಬಿದ್ದು ಗಂಗಾವತಿಯ ಬಸ್ಸು ಹತ್ತಿದ. ಗಂಗಾವತಿಯ ಮನೆಗೆ ಬಂದ ಮೇಲೆ ಮಾತ್ರ, "ಬಂದವರಿಗೆಲ್ಲ ನೀವ್ಯಾರು ನೀವ್ಯಾರು ಅಂತ ಕೇಳಾಕ ನಾ ಏನು ಲಾಡ್ಜಿನ ಮ್ಯಾನೇಜರೇನು" ಎಂದು ಮುದುಕಮ್ಮನ ಮುಂದೆ ಹಾರಾಡಿದ.

ಅವನ ಮಗಳು ರೂಪಾ ಗಂಗಾವತಿಯ ಆಸ್ಪತ್ರೆಯೊಂದರಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದಲ್ಲಿದ್ದಳು. ಭಾನುವಾರ ಬಂತೆಂದರೆ ನಜೀಬನ ಫ್ಲೆಕ್ಸ್ ಅಂಗಡಿಯ ಮೇಲಿನ ಕೋಣೆಗೆ ಹೋಗುತ್ತಿದ್ದಳು. ಅಲ್ಲಿ ನಡೆಯುತ್ತಿದ್ದುದು ಮೇಜಿನ ಸುತ್ತ ಕೂತು ಆಡುವ ಪಾತ್ರದಾಟ. ಒಬ್ಬರು ಕತೆ ನಡೆಸುತ್ತಾರೆ: ಇಲ್ಲಿ ಕಾಡಿದೆ, ಅಲ್ಲಿ ಕೋಟೆಯಿದೆ, ಬಾಗಿಲಲ್ಲಿ ರಕ್ಕಸ ನಿಂತಿದ್ದಾನೆ. ಉಳಿದವರು ತಾವು ಕಟ್ಟಿಕೊಂಡ ಪಾತ್ರವಾಗಿ 'ನಾನು ಹೀಗೆ ಮಾಡುತ್ತೇನೆ' ಎನ್ನುತ್ತಾರೆ. ಮಾಡಿದ್ದು ಫಲಿಸಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಪಾತ್ರದ ಬಲವೆಷ್ಟು, ಬುದ್ಧಿಯೆಷ್ಟು, ಕೈಯಲ್ಲೇನಿದೆ ಎಂಬುದೆಲ್ಲ ಒಂದು ಹಾಳೆಯ ಮೇಲಿರುತ್ತದೆ. ಕತೆ ನಡೆಸುವವಳು ರೂಪಾ. ಆಡುವವರು ನಜೀಬ, ಅವನ ತಂಗಿ ಇರ್ಫಾನಾ, ಔಷಧದಂಗಡಿಯ ಗಾಳೇಶ, ಮತ್ತೊಬ್ಬ ಬ್ಯಾಂಕಿನವನು. ಇಷ್ಟು ದೊಡ್ಡವರಾಗಿ ದಾಳ ಉರುಳಿಸುತ್ತಾರಲ್ಲ ಎಂದು ಮುದುಕಮ್ಮ ಗಲ್ಲಕ್ಕೆ ಕೈ ಹಚ್ಚಿದರೂ, ಮಗಳು ಖುಷಿಯಿಂದ ಮನೆಗೆ ಬರುವುದನ್ನು ನೋಡಿ ಸುಮ್ಮನಾಗಿದ್ದಳು.

ಊರೂರಿನಲ್ಲಿ ಹೀಗೆ ಆಡುವವರನ್ನೆಲ್ಲ ಸೇರಿಸಿ ಒಂದು ಲೀಗ್ ಶುರುವಾಗಿತ್ತು. ಲೀಗಿಗೆ ಸೇರಿದ ಎಲ್ಲ ಮೇಜುಗಳಿಗೂ, ಅಂದರೆ ತಂಡಗಳಿಗೂ, ಒಂದೇ ನಿಯಮ. ಹೊಸ ಪಾತ್ರವೆಂದರೆ ಒಂದನೇ ಮೆಟ್ಟಿಲಿನಿಂದಲೇ ಶುರು, ಆಡಿ ಗೆಲ್ಲುತ್ತ ಮೇಲೇರಬೇಕು. ಗಂಗಾವತಿಯಲ್ಲಿ ಕಟ್ಟಿದ ಪಾತ್ರ ನಾಳೆ ಹುಬ್ಬಳ್ಳಿಯ ಮೇಜಿಗೆ ಹೋಗಿ ಕೂತರೂ ಯಾರೂ ತಕರಾರು ತೆಗೆಯಬಾರದು, ಅದಕ್ಕೆ ಈ ಕಟ್ಟುನಿಟ್ಟು. ಮೇಜು ನೋಂದಣಿಯಾಗಲು ಕತೆ ನಡೆಸುವವರಲ್ಲದೆ ನಾಲ್ಕು ಜನ ಬೇಕು, ನಾಲ್ವರ ಹಾಳೆಯೂ ಪರೀಕ್ಷಕರ ಮುಂದೆ ಪಾಸಾಗಬೇಕು. ಪರೀಕ್ಷಕರು ಮುಂದಿನ ಭಾನುವಾರ ಕೊಪ್ಪಳಕ್ಕೆ ಬರುವವರಿದ್ದರು. ಇಡೀ ಜಿಲ್ಲೆಯಲ್ಲಿ ಬೇರೆ ಮೇಜೇ ಇರಲಿಲ್ಲ, ರೂಪಾಳದೇ ಮೊದಲನೆಯದು ಆಗಬೇಕಿತ್ತು. ಅಷ್ಟರಲ್ಲಿ ಬ್ಯಾಂಕಿನವನಿಗೆ ಬೀದರಿಗೆ ವರ್ಗವಾಯಿತು.

ಸೋಮವಾರ ಸಂಜೆ ರೂಪಾ ಅಪ್ಪನ ಪಕ್ಕ ಕಟ್ಟೆಯ ಮೇಲೆ ಬಂದು ಕೂತಳು.

"ಅಪ್ಪಾ, ಈ ಐತವಾರ ನಮ್ಮ ಜೋಡಿ ಕೊಪ್ಪಳಕ್ಕ ಬರ್ತಿಯೇನು? ಒಂದು ಪಾತ್ರ ಮಾಡಬೇಕಾಗೈತಿ."

ಪಾತ್ರ ಎಂಬ ಮಾತು ಕಿವಿಗೆ ಬಿದ್ದಿದ್ದೇ ಮೀಸೆಯ ಮೇಲಿನ ಕೈ ಕೆಳಗಿಳಿಯಿತು. "ಎಂಥಾ ಪಾತ್ರ?"

"ನಿನಗ ಬೇಕಾದ್ದು. ನೀನ ಕಟ್ಟಬೇಕು."

"ರಾಜನ ಪಾತ್ರ ಆಗ್ತೈತೇನು?"

ರೂಪಾ ಸ್ವಲ್ಪ ತಡೆದು "ಆಗ್ತೈತಿ" ಎಂದಳು. ಹೇಗೂ ಆಮೇಲೆ ತಿಳಿಸಿ ಹೇಳಿದರಾಯಿತು ಎಂದುಕೊಂಡಿದ್ದಳು. ಮುಂದಿನ ರಗಳೆಗೆಲ್ಲ ಆ ಒಂದು 'ಆಗ್ತೈತಿ'ಯೇ ಮೂಲ.

"ಹಂಗಾದ್ರ ವೀಳ್ಯ ಕೊಡು. ಇಲ್ಲಿ ಮಾಸ್ತರು ನೀನ ಅಲ್ಲೇನು?"

ರೂಪಾ ನಗುತ್ತ ಅವ್ವನ ಸಂಚಿಯಿಂದ ಎರಡು ಎಲೆ, ಒಂದು ಅಡಿಕೆ ತಂದಳು. ಪಕೀರಪ್ಪ ನಗಲಿಲ್ಲ. ಎದ್ದು ಕೈಕಾಲು ತೊಳೆದು, ಹೆಗಲಿಗೆ ಟವೆಲ್ಲು ಹಾಕಿಕೊಂಡು, ಮಗಳ ಮುಂದೆ ಬಾಗಿ ನಿಂತು ವೀಳ್ಯ ತೆಗೆದುಕೊಂಡ. ಕಣ್ಣಿಗೊತ್ತಿಕೊಂಡು, ತಾನೇ ಒಂದು ಹೆಸರು ಕಟ್ಟಿ, "ಚಂಡವಿಕ್ರಮ ರಾಯನ ಪಾತ್ರ ನಂದು" ಎಂದ. ರೂಪಾ ಅದನ್ನು ತಮಾಷೆ ಎಂದುಕೊಂಡಳು. ಆ ಮನೆಯಲ್ಲಿ ಹುಟ್ಟಿಬೆಳೆದವಳು ಹಾಗೆ ತಿಳಿಯಬಾರದಿತ್ತು.

ಬುಧವಾರ ಸಂಜೆ ನಜೀಬನ ಕೋಣೆಯಲ್ಲಿ ಪಕೀರಪ್ಪ ತನ್ನ ಹಾಳೆಯನ್ನು ಮೇಜಿನ ಮೇಲೆ ಬಿಡಿಸಿಟ್ಟ. ನೋಡಬೇಕಿತ್ತು ಆ ಹಾಳೆಯನ್ನು. ಗೆರೆಯೊಳಗೆ ಜಾಗ ಸಾಲದೆ ಅಂಚಿನಲ್ಲೂ ಬರೆದಿದ್ದ. ಬಲ, ಚುರುಕು, ತ್ರಾಣ, ಬುದ್ಧಿ, ವಿವೇಕ, ವರ್ಚಸ್ಸು, ಆರಕ್ಕೆ ಆರೂ ಹದಿನೆಂಟು. ಮನುಷ್ಯಮಾತ್ರರಿಗೆ ಅದಕ್ಕಿಂತ ಹೆಚ್ಚಿಲ್ಲವೆಂದು ಕೇಳಿದ್ದರಿಂದ ಅಲ್ಲಿಗೆ ನಿಲ್ಲಿಸಿದ್ದ, ಇಲ್ಲದಿದ್ದರೆ ಇನ್ನೂ ಏರುತ್ತಿತ್ತು. ಖಡ್ಗ, ಗದೆ, ಬಿಲ್ಲು, ಈಟಿ. ಎರಡು ಕುದುರೆ, ಒಂದು ಆನೆ. ಛಪ್ಪನ್ನಾರು ದೇಶಗಳ ಒಡೆತನ. ಈಗಾಗಲೇ ಕೊಂದ ರಕ್ಕಸರು ಮೂವರು. ಇದರಲ್ಲಿ ಅವನ ತಪ್ಪೇನೂ ಇಲ್ಲ. ದೊಡ್ಡಾಟದಲ್ಲಿ ರಾಜನಾದವನು ಪರದೆ ಸರಿಯುವ ಮೊದಲೇ ಎಲ್ಲವನ್ನೂ ಗೆದ್ದುಕೊಂಡೇ ಬಂದಿರುತ್ತಾನೆ. ಅಟ್ಟದ ಮೇಲೆ ಬಂದು ಒಂದನೇ ಮೆಟ್ಟಿಲಿನಿಂದ ಶುರು ಮಾಡುವ ರಾಜನನ್ನು ಆ ಸೀಮೆಯಲ್ಲಿ ಯಾರೂ ಕಂಡಿಲ್ಲ.

ನಜೀಬ ನಿಯಮದ ಮನುಷ್ಯ. ಬೇರೆಯವರು ಕ್ರಿಕೆಟ್ಟಿನ ಲೆಕ್ಕ ಒಪ್ಪಿಸುವ ಹಾಗೆ ನಿಯಮಪುಸ್ತಕ ಒಪ್ಪಿಸುತ್ತಿದ್ದ. ಆದರೆ ಹಿರಿಯರೆಂದರೆ ಭಯ ಭಕ್ತಿ. ಗಂಟಲು ಸರಿಮಾಡಿಕೊಂಡು ಶುರುಮಾಡಿದ.

"ಕಾಕಾ, ತಪ್ಪ ತಿಳೀಬ್ಯಾಡ್ರಿ. ಮೊದಲನೇ ಮೆಟ್ಟಲದಾಗ ಆನಿ ಬರಂಗಿಲ್ಲ."

"ಮತ್ತ ರಾಜಾ ಯಾತರ ಮ್ಯಾಲ ಬರಬೇಕು?"

"ನಡಕೋತ ಬರಬೇಕ್ರಿ."

ಇರ್ಫಾನಾ ಓಢಣಿಯಿಂದ ಬಾಯಿ ಮುಚ್ಚಿಕೊಂಡಳು. ನಜೀಬ ಒಂದೊಂದಾಗಿ ಕಳಚುತ್ತ ಹೋದ. ಕುದುರೆ ಹೋಯಿತು. ಬಿಲ್ಲು, ಗದೆ ಹೋದವು. ಸತ್ತ ರಕ್ಕಸರು ಬದುಕಿಕೊಂಡರು. ಆರು ಹದಿನೆಂಟೂ ಹೋದವು, ಏಕೆಂದರೆ ಎಲ್ಲರಿಗೂ ಕೊಡುವ ಅಂಕ ಇಷ್ಟೇ, ಅದನ್ನೇ ಆರಕ್ಕೂ ಹಂಚಿಕೊಳ್ಳಬೇಕು. ಕೊನೆಗೆ ಹಾಳೆಯ ಮೇಲೆ ಹೆಸರೊಂದು ಉಳಿಯಿತು. ಮರಿಸ್ವಾಮಿ ಊರಿನಲ್ಲಿ ಒಮ್ಮೆ ಕಿರೀಟ ತೆಗೆಸಿದ್ದ, ಈಗ ಈ ಹುಡುಗ ಗಂಗಾವತಿಯಲ್ಲಿ ಇನ್ನೊಮ್ಮೆ ತೆಗೆಸುತ್ತಿದ್ದಾನೆ ಎನಿಸಿತು ಪಕೀರಪ್ಪನಿಗೆ. ಮೀಸೆ ಹುರಿಗೊಂಡಿತು.

"ಇವ ರಾಜಾ ಅಲ್ಲ ತಮ್ಮಾ, ಹಮಾಲ."

"ನಿಮಗ ತ್ರಾಸ ಬ್ಯಾಡ್ರಿ ಕಾಕಾ. ನನ್ನ ಕಡೆ ತಯಾರ ಇದ್ದ ಪಾತ್ರ ಐತಿ, ಒಬ್ಬ ಕಾವಲುಗಾರ. ಎಲ್ಲಾ ನಿಯಮದ ಪ್ರಕಾರ ಐತಿ. ನೀವು ಬರೇ ಸಹಿ ಮಾಡಿದ್ರ ಆತು."

"ಕಾವಲುಗಾರನ ವೀಳ್ಯ ನಾ ಹಿಡದಿಲ್ಲ."

ರೂಪಾಳ ಮುಖ ಬಿಳಿಚಿಕೊಂಡಿತು. ಸೋಮವಾರ ತಾನು ನಗುತ್ತ ಕೊಟ್ಟ ಎರಡು ಎಲೆಯ ಭಾರ ಅವಳಿಗೆ ಆಗ ತಿಳಿಯಿತು. "ಅಪ್ಪಾ, ಅದು ಹಂಗ ಸುಮ್ಮನ..."

"ಸುಮ್ಮನ ಅಲ್ಲ. ನಿನ್ನ ಕೈಲೆ ತಗೊಂಡೀನಿ. ಚಂಡವಿಕ್ರಮನ್ನ ನಾ ಬಿಡಂಗಿಲ್ಲ. ನಿನ್ನ ಟೇಬಲ್ಲೂ ಕೆಡಸಂಗಿಲ್ಲ."

"ಎರಡೂ ಹೆಂಗ ಆಗ್ತೈತಿ?"

"ನನಗೂ ಗೊತ್ತಿಲ್ಲ. ಆ ನಿಯಮದ ಪುಸ್ತಕ ಕೊಡ್ರಿ ಇಲ್ಲಿ."

ಹೊಸಬರಿಗೆಂದು ನಜೀಬ ಕನ್ನಡಕ್ಕೆ ತಂದು ಮುದ್ರಿಸಿದ್ದ ಪುಸ್ತಕವೊಂದಿತ್ತು. ಅದನ್ನು ಕಂಕುಳಲ್ಲಿಟ್ಟುಕೊಂಡು ಪಕೀರಪ್ಪ ಮೆಟ್ಟಿಲಿಳಿದ. ಒಂದೊಂದು ಮೆಟ್ಟಿಲಿಗೂ ಮೊಣಕಾಲು ಕಟಕ್ಕೆಂದಿತು.

ಗುರುವಾರವೆಲ್ಲ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಅಂಕಗಳ ಜತೆ ಗುದ್ದಾಡಿದ. ಬಲಕ್ಕೆ ಹಾಕಿದರೆ ಬುದ್ಧಿಗೆ ಸಾಲದು, ಬುದ್ಧಿಗೆ ಹಾಕಿದರೆ ತ್ರಾಣಕ್ಕೆ ಸಾಲದು. ಮುದುಕಮ್ಮ ರೊಟ್ಟಿ ಬಡಿಯುತ್ತ ಆ ಗೊಣಗಾಟವನ್ನು ಕೇಳಿದಷ್ಟು ಕೇಳಿದಳು.

"ನೋಡ್ರಿಲ್ಲಿ. ಹಿಟ್ಟು ಇರೂದ ಇಷ್ಟು. ಒಂದು ರೊಟ್ಟಿ ದೊಡ್ಡದು ಬೇಕಂದ್ರ ಇನ್ನೊಂದು ಸಣ್ಣದಾಗ್ತೈತಿ. ಎಲ್ಲಾ ದೊಡ್ಡವ ಬೇಕಂದ್ರ ಬಾಜೂ ಮನಿಗೆ ಕಡಾ ಕೇಳಾಕ ಹೋಗ್ರಿ."

"ಈ ಲೀಗಿನಾಗ ಕಡಾ ಕೊಡಂಗಿಲ್ಲ" ಎಂದು ಪಕೀರಪ್ಪ ಗೊಣಗಿದ. ಆದರೆ ಅಂಕದ ಲೆಕ್ಕ ಅವನ ತಲೆಗೆ ಹೊಕ್ಕಿದ್ದು ಆಗಲೇ. ಯಾವ ರೊಟ್ಟಿ ದೊಡ್ಡದಾಗಬೇಕು ಎಂಬುದೊಂದು ಬಗೆಹರಿಯಲಿಲ್ಲ. ರಾಜನೆಂದ ಮೇಲೆ ಬಲವಿಲ್ಲದೆ ಹೇಗೆ? ಬಲಕ್ಕೆ ಎಷ್ಟು ಸುರಿದರೂ ಒಂದನೇ ಮೆಟ್ಟಿಲಿನಲ್ಲಿ ಅವನು ಒಬ್ಬ ಗಟ್ಟಿಮುಟ್ಟಾದ ಆಳು, ಅಷ್ಟೇ. ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಅವನ ತಲೆ ಚಿಟ್ಟು ಹಿಡಿದುಹೋಗಿತ್ತು. ಮಗಳ ಮೇಜು ಮುರಿದುಬೀಳುವುದು ತನ್ನಿಂದಲೇ ಎಂದು ಖಾತ್ರಿಯಾಗಿ ಊಟವೂ ಸೇರಲಿಲ್ಲ.

ಬೇಸರಕ್ಕೆ ಟ್ರಂಕು ತೆಗೆದ. ಮೇಳದ ವೇಷಗಳೆಲ್ಲ ಬಾಡಿಗೆಯವಾದರೂ ಖಡ್ಗ ಮಾತ್ರ ಅವನ ಸ್ವಂತದ್ದು, ಕಿನ್ನಾಳದಲ್ಲಿ ಹೇಳಿ ಮಾಡಿಸಿದ್ದು. ಹಗುರ ಕಟ್ಟಿಗೆ, ಮೇಲೆ ಬೆಳ್ಳಿ ಕಾಗದ. ಒರೆಸುತ್ತ ಒರೆಸುತ್ತ ಅದರ ಅಲಗಿನ ಮೇಲೆ ಬೆರಳಾಡಿಸಿದ. ಈ ಖಡ್ಗದಿಂದ ಒಂದು ಬದನೆಕಾಯಿಯನ್ನೂ ಹೆಚ್ಚಲು ಬರುತ್ತಿರಲಿಲ್ಲ. ಕಿರೀಟ ರಟ್ಟಿನದು. ಆನೆಯೋ, ಹಿಂದಿನ ಪರದೆಯ ಮೇಲೆ ಬರೆದಿದ್ದ ಆನೆ. ಛಪ್ಪನ್ನಾರು ದೇಶದ ಒಡೆಯ ಮರುದಿನ ಬೆಳಿಗ್ಗೆ ಗಂಗಾವತಿ ಡಿಪೋದಲ್ಲಿ ಹಾಜರಿ ಹಾಕುತ್ತಿದ್ದ. ಆದರೂ ಮಕ್ಕಳು ಹೆದರಿ ಸರಿಯುತ್ತಿದ್ದುದು ಸುಳ್ಳೇ? ಹಾಗಾದರೆ ರಾಜ ಇದ್ದುದಾದರೂ ಎಲ್ಲಿ? ಪಕೀರಪ್ಪ ತನ್ನ ಗಂಟಲು ಮುಟ್ಟಿ ನೋಡಿಕೊಂಡ. ಆಮೇಲೆ ಒಬ್ಬನೇ ನಗತೊಡಗಿದ. ಮುದುಕಮ್ಮ ಒಳಗಿಂದ, "ಏನಾತ್ರಿ ನಿಮಗ" ಎಂದು ಕೇಳಿದಳು.

ಅವನು ಆಗಲೇ ಪುಸ್ತಕದ ಪುಟ ತಿರುವುತ್ತಿದ್ದ. ವೃತ್ತಿಗಳ ಅಧ್ಯಾಯದಲ್ಲಿ 'ಆಟದವ' ಎಂಬ ಒಂದು ಪುಟವನ್ನು ಮೊದಲ ಸಲ ಹಾರಿಸಿಬಿಟ್ಟಿದ್ದ, ರಾಜನಿಗೆ ಅದೇಕೆ ಎಂದು. ಹಾಡು ಮಾತುಗಳಿಂದ ಜತೆಯವರಿಗೆ ಧೈರ್ಯ ತುಂಬುವವನು, ಎದುರಿನವರ ಎದೆ ನಡುಗಿಸುವವನು, ಒಂದನೇ ಮೆಟ್ಟಿಲಿನಿಂದಲೇ ಸಿಗುತ್ತಾನೆ ಎಂದು ಅಲ್ಲಿ ಬರೆದಿತ್ತು. ಪಕೀರಪ್ಪ ಹೊಸ ಹಾಳೆ ಎಳೆದುಕೊಂಡ. ಈ ಸಲ ದೊಡ್ಡ ರೊಟ್ಟಿ ವರ್ಚಸ್ಸಿಗೆ ಹೋಯಿತು. ಚುರುಕಿಗೆ ಬಂದಾಗ ಎಲ್ಲಕ್ಕಿಂತ ಕಡಿಮೆ ಅಂಕ ಬರೆದು, ಪಕ್ಕದಲ್ಲಿ 'ಮೊಣಕಾಲು ನೋವು' ಎಂದು ಪ್ರಾಮಾಣಿಕವಾಗಿ ಕಾರಣ ಕೊಟ್ಟ. ಮತ್ತೆ ಮತ್ತೆ ಕೂಡಿ ನೋಡಿದ. ಪ್ರತಿ ಸಲವೂ ಲೆಕ್ಕ ಕೂಡಿತು.

ಶನಿವಾರ ರೂಪಾ ಹಾಳೆ ಕೇಳಿದಳು. ಕೊಡಲಿಲ್ಲ. ನಜೀಬ ಫೋನು ಮಾಡಿ, "ಒಂದ ಸಲ ಕಣ್ಣಾಡಸ್ತೀನ್ರಿ ಕಾಕಾ" ಎಂದು ಅಂಗಲಾಚಿದ. ಅವನಿಗೂ ಇಲ್ಲ. ಬಣ್ಣ ಹಚ್ಚಿದ ಮುಖವನ್ನು ಪರದೆ ಸರಿಯುವ ಮುನ್ನ ಯಾರಿಗೂ ತೋರಿಸಬಾರದು, ಅದು ಮೇಳದ ಪದ್ಧತಿ. ಹುಂಬತನವೆಂದರೆ ಹುಂಬತನವೇ. ಒಂದು ಅಂಕ ಆಚೀಚೆಯಾಗಿದ್ದರೆ ಮಗಳ ಎರಡು ವರ್ಷದ ಶ್ರಮ ಮಣ್ಣುಪಾಲು. ಅದು ಗೊತ್ತಿದ್ದೇ ಅವನು ಹಾಳೆಯನ್ನು ಮಡಿಸಿ ಬನಿಯನ್ನಿನ ಜೇಬಿಗೆ ಸೇರಿಸಿದ.

ಕೊಪ್ಪಳದಲ್ಲಿ ಬಾಡಿಗೆಗೆ ಹಿಡಿದ ಒಂದು ಸಭಾಂಗಣ. ರಾಯಚೂರು, ಗದಗ, ಬಾಗಲಕೋಟೆ ಕಡೆಯ ಮೇಜುಗಳೂ ಅಲ್ಲಿಗೇ ಬಂದಿದ್ದವು. ಎಲ್ಲ ಹುಡುಗ ಹುಡುಗಿಯರೇ. ಬಿಳಿ ಧೋತರ, ಇಸ್ತ್ರಿ ಮಾಡಿದ ನೆಹರೂ ಶರ್ಟು, ಹುರಿಗೊಂಡ ಮೀಸೆಯ ಪಕೀರಪ್ಪ ಒಳಗೆ ಬಂದಾಗ ಯಾರೋ ಒಬ್ಬ ಹುಡುಗ ಸಭಾಂಗಣದ ಮಾಲೀಕರೆಂದು ತಿಳಿದು ಎದ್ದು ನಿಂತ.

ಪರೀಕ್ಷಕ ಉಮಾಪತಿ ಹುಬ್ಬಳ್ಳಿಯವನು, ಕಾಲೇಜಿನಲ್ಲಿ ಪಾಠ ಹೇಳುವವನು. ಕಿವಿಯ ಮೇಲೆ ಕೆಂಪು ಪೆನ್ನು. ನಜೀಬನ ಹಾಳೆ ಸರಾಗವಾಗಿ ಪಾಸಾಯಿತು. ಇರ್ಫಾನಾಳ ಹಾಳೆಯಲ್ಲಿ ಒಂದು ಕಡೆ ಕೆಂಪು ಬಿತ್ತು, ಅಲ್ಲೇ ತಿದ್ದಿಸಿದ. ಗಾಳೇಶನಲ್ಲಿ ಎರಡು ಕಡೆ. ಆಮೇಲೆ ಪಕೀರಪ್ಪನ ಹಾಳೆ ಬಿಡಿಸಿದವನೇ ಮೊದಲ ಸಾಲಿಗೇ ಹುಬ್ಬೇರಿಸಿದ.

"'ಛಪ್ಪನ್ನಾರು ದೇಶದೊಡೆಯ, ರಕ್ಕಸಕುಲ ಗಂಡ, ಶ್ರೀಮನ್ಮಹಾರಾಜ ಚಂಡವಿಕ್ರಮ ರಾಯ.' ಇದು ನಡಿಯಂಗಿಲ್ರಿ ಹಿರಿಯರ."

ರೂಪಾ ಕಣ್ಣು ಮುಚ್ಚಿಕೊಂಡಳು. ನಜೀಬ ಕುರ್ಚಿಯ ಬೆನ್ನನ್ನು ಗಟ್ಟಿಯಾಗಿ ಹಿಡಿದ. ಪಕೀರಪ್ಪನ ಕೈ ಮಾತ್ರ ಮೀಸೆಗೆ ಹೋಗಲಿಲ್ಲ.

"ಮುಂದ ಓದ್ರಿ" ಎಂದ.

ಉಮಾಪತಿ ಓದಿದ. ವೃತ್ತಿ: ಆಟದವ. ಮೆಟ್ಟಿಲು: ಒಂದು. ಬಹಳ ವರ್ಷ ರಾಜನ ಪಾತ್ರ ಮಾಡಿ, ಮೇಳ ಬಿಟ್ಟ ಮೇಲೂ ಕಿರೀಟ ಇಳಿಸದೆ ದೇಶ ಸುತ್ತುತ್ತಿರುವವನು. ಆಯುಧ: ದೊಣ್ಣೆ, ಬೆಳ್ಳಿ ಕಾಗದ ಸುತ್ತಿ ಖಡ್ಗವೆಂದು ಕರೆಯುವುದು. ವಾಹನ: ಇಲ್ಲ. ಇತರೆ: ಕಂಬಳಿ ಒಂದು, ಅದರ ಮೇಲೆ ಆನೆಯ ಚಿತ್ರ. ಉಮಾಪತಿಯ ತುಟಿಯ ಮೂಲೆ ಅಲುಗಿತು. ಅಂಕಗಳನ್ನು ಕೂಡಿದ, ಫೋನಿನಲ್ಲಿ ಮತ್ತೆ ಕೂಡಿದ. ನಿಯಮಪುಸ್ತಕ ತೆಗೆದು ಸಾಮಾನಿನ ಪಟ್ಟಿಯ ಮೇಲೆ ಬೆರಳಿಟ್ಟುಕೊಂಡು ಇಳಿದ.

"ಕಿರೀಟ?"

"ರಟ್ಟಿಂದು. ಉಪಯೋಗ ಇಲ್ಲದ ಒಂದು ಸಣ್ಣ ಸಾಮಾನ ಯಾರರೆ ಇಟ್ಕೋಬಹುದು ಅಂತ ನಿಮ್ಮ ಪುಸ್ತಕದಾಗ ಐತಿ. ನಾ ಅದನ್ನ ಇಟ್ಕೊಂಡೀನಿ."

"ಛಪ್ಪನ್ನಾರು ದೇಶ?"

"ಅವು ಬಾಯಾಗ ಅದಾವ್ರಿ. ಬಾಯಾಗ ಇದ್ದದ್ದಕ್ಕ ಅಂಕ ಹಿಡೀಬೇಕು ಅಂತ ಯಾವ ಪುಟದಾಗೂ ಇಲ್ಲ. ಹುಡಿಕೀನಿ."

ಉಮಾಪತಿ ಕೆಂಪು ಪೆನ್ನನ್ನು ಮತ್ತೆ ಕಿವಿಯ ಮೇಲೆ ಸಿಕ್ಕಿಸಿದ. ನೀಲಿ ಪೆನ್ನು ತೆಗೆದು ಸಹಿ ಮಾಡಿದ. "ಒಂದೂ ತಿದ್ದುಪಡಿ ಇಲ್ರಿ. ಹೊಸಬರ ಹಾಳಿ ಇಷ್ಟು ಸ್ವಚ್ಛ ನಾ ನೋಡಿಲ್ಲ" ಎಂದು ಎದ್ದು ಕೈ ಕೊಟ್ಟ.

ಪಕೀರಪ್ಪನಿಗೆ ಊರ ಮುಂದೆ ಎಷ್ಟೋ ಸಲ ಶಾಲು ಹೊದಿಸಿದ್ದಾರೆ, ಹಾರ ಹಾಕಿದ್ದಾರೆ. ಈ ನೀಲಿ ಸಹಿಗೆ ಉಬ್ಬಿದ ಹಾಗೆ ಅವನ ಎದೆ ಯಾವತ್ತೂ ಉಬ್ಬಿರಲಿಲ್ಲ. ಅವೆಲ್ಲ ಧ್ವನಿಗೆ ಸಿಕ್ಕಿದ್ದು, ಧ್ವನಿ ದೇವರು ಕೊಟ್ಟದ್ದು. ಇದನ್ನು ಅವನು ಒಂದೊಂದೇ ಅಂಕ ಎಣಿಸಿ ಕಟ್ಟಿದ್ದ. ನಜೀಬ ಹಾಳೆಯನ್ನು ಎರಡು ಸಲ ಓದಿ, "ಕಾಕಾ, ಕಂಬಳಿ ಮ್ಯಾಲ ಆನಿ" ಎಂದಷ್ಟೇ ಹೇಳಿ ತಲೆದೂಗಿದ.

ಮೇಜು ನೋಂದಣಿಯಾಯಿತು. ಆಟ ಶುರುವಾಯಿತು. ರೂಪಾ ಕತೆ ಹಿಡಿದಳು: ಬಂಡೆಗುಡ್ಡಗಳ ನಡುವೆ ಹೊಳೆ, ಹೊಳೆಯಾಚೆ ಒಂದು ಹಳೆಯ ಕೋಟೆ, ನಾಲ್ವರೂ ಕೋಟೆಯ ಬಾಗಿಲಿಗೆ ಬಂದಿದ್ದಾರೆ. ಎಲ್ಲರಿಗಿಂತ ಮುಂದೆ ಚಂಡವಿಕ್ರಮ ರಾಯ. ಬಾಗಿಲಲ್ಲಿ ಒಬ್ಬ ಕಾವಲಿನವನಿದ್ದಾನೆ. ಇಷ್ಟು ಹೇಳಿ ರೂಪಾ ಕುರ್ಚಿ ಹಿಂದೆ ಸರಿಸಿ ಎದ್ದು ನಿಂತಳು. ಸೊಂಟಕ್ಕೆ ಕೈಯಿಟ್ಟು, ಒಂದು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ಹಾಕಿದಳು.

"ಎಲೈ ಪುರುಷನೇ, ದಾರಿಯ ಧೂಳೆಬ್ಬಿಸುತ್ತ ಈ ಕೋಟೆಯ ಬಾಗಿಲಿಗೆ ಬಂದು ನಿಂತಿರುವಂಥ ತಾವು ಯಾರು? ತಮ್ಮ ಸ್ಥಳ ಯಾವುದು? ನಾಮಾಂಕಿತವೇನು? ಸವಿಸ್ತಾರವಾಗಿ ತಿಳಿಸುವಂಥವರಾಗಬೇಕು."

ಪಕೀರಪ್ಪ ದಂಗಾದ. ಅದು ಸಾರಥಿಯ ಧ್ವನಿ, ಸಾರಥಿಯ ಹೆಜ್ಜೆ, ಎಲ್ಲಿ ಎಳೆಯಬೇಕೋ ಅಲ್ಲಿ ಎಳೆತ. ಇದನ್ನು ಇವಳಿಗೆ ಯಾರೂ ಕಲಿಸಿರಲಿಲ್ಲ. ತಾಲೀಮಿನ ದಿನಗಳಲ್ಲಿ ಮದ್ದಲೆಯವರ ಪಕ್ಕ ಮಂಡಿ ಮಡಿಸಿ ಕೂರುತ್ತಿದ್ದ ಪುಟ್ಟ ಹುಡುಗಿ ಅವನ ನೆನಪಿಗೆ ಬಂದಳು. ಅವಳ ಅಂಗೈಗೆ ಯಾರೂ ಒಂದು ಎಲೆಯನ್ನೂ ಇಟ್ಟಿರಲಿಲ್ಲ. ಕೇಳಬೇಕೆಂದು ತನಗೂ ಹೊಳೆದಿರಲಿಲ್ಲ. ಆದರೆ ಪ್ರಶ್ನೆ ಬಿದ್ದ ಮೇಲೆ ರಾಜ ಕೂತಿರುವಂತಿಲ್ಲ. ಮೇಜಿನ ಮೇಲೆ ಕೈಯೂರಿ ಎದ್ದ.

"ಹೇಳುತ್ತೇನೆ, ಲಾಲಿಸು. ಛಪ್ಪನ್ನಾರು ದೇಶದ ದೊರೆಗಳ ಕಿರೀಟಗಳನ್ನು ಪಾದದ ಮುಂದೆ ಹೊರಳಿಸಿಕೊಂಡಂಥ, ರಕ್ಕಸರ ರುಂಡಗಳನ್ನು ಚೆಂಡಾಡಿದಂಥ..."

"ಭಲಾ. ಆಮೇಲೆ?"

ಸುತ್ತಲಿನ ಮೇಜುಗಳಲ್ಲಿ ದಾಳದ ಸದ್ದು ನಿಂತುಹೋಯಿತು. ಅವನ ಉಸಿರು ಎಲ್ಲಿ ಮುಗಿಯುತ್ತದೋ ಸರಿಯಾಗಿ ಅಲ್ಲಿ ರೂಪಾ 'ಭಲಾ' ಎನ್ನುತ್ತಿದ್ದಳು. ಮೊಣಕಾಲು ಎಲ್ಲಿ ನಡುಗುತ್ತದೋ ಅಲ್ಲಿ ಒಂದು ಪ್ರಶ್ನೆ ಹಾಕಿ ಅವನಿಗೆ ನಿಂತು ಸುಧಾರಿಸಿಕೊಳ್ಳಲು ಬಿಡುತ್ತಿದ್ದಳು.

"ಅಷ್ಟು ದೊಡ್ಡ ಮಹಾರಾಜರು ನಡೆದುಕೊಂಡು ಯಾಕೆ ಬಂದಿರಿ? ಆನೆ ಎಲ್ಲಿ?"

"ಎಲೈ, ಆನೆ ಕಂಬಳಿಯೊಳಗೆ ಮಲಗಿದೆ. ಎಬ್ಬಿಸಿದರೆ ನಿನ್ನ ಕೋಟೆ ಉಳಿದೀತೆ?"

ಸಭಾಂಗಣಕ್ಕೆ ಸಭಾಂಗಣವೇ ನಕ್ಕಿತು. ಉಮಾಪತಿಯೂ ನಕ್ಕ. ಪಕೀರಪ್ಪ ದಾಳ ಉರುಳಿಸಿದ. ಬಿದ್ದದ್ದು ಏನೇನೂ ಸಾಲದ ಅಂಕೆ. ಅದಕ್ಕೆ ವರ್ಚಸ್ಸಿನ ಅಂಕ ಕೂಡಿಸಿದಾಗ ಮಾತ್ರ ಬಾಗಿಲು ತೆರೆಯಿತು.

ಕೂತ ಮೇಲೆ, ಇಷ್ಟು ವರ್ಷ ತನ್ನ ಪಕ್ಕದಲ್ಲಿ ಸಾರಥಿಯಾಗಿ ನಿಂತವರು ಯಾರು ಯಾರು ಎಂದು ನೆನಪು ಮಾಡಿಕೊಳ್ಳಲು ನೋಡಿದ, ಒಬ್ಬರ ಮುಖವೂ ಸರಿಯಾಗಿ ನೆನಪಾಗಲಿಲ್ಲ. ಅವರು ಕೇಳದೆ ಹೋಗಿದ್ದರೆ ತಾನು ರಟ್ಟಿನ ಕಿರೀಟ ಹೊತ್ತು ಸುಮ್ಮನೆ ನಿಂತ ಒಬ್ಬ ಡ್ರೈವರ್. ಮೇಜಿನ ಆಚೆ ರೂಪಾ ಆಗಲೇ ಕೋಟೆಯೊಳಗಿನ ಕತ್ತಲನ್ನು ಬಣ್ಣಿಸುತ್ತಿದ್ದಳು. ಇವಳು ನನ್ನ ಮಗಳು ಎಂದು ಆ ಸಭಾಂಗಣದ ಪ್ರತಿಯೊಬ್ಬರನ್ನೂ ಹಿಡಿದು ನಿಲ್ಲಿಸಿ ಹೇಳಬೇಕೆನಿಸಿತು. ಊಟದ ಬಿಡುವಿನಲ್ಲಿ ಬಹುಮಟ್ಟಿಗೆ ಹೇಳಿಯೂ ಬಿಟ್ಟ.

ಸೋಮವಾರ ಬೆಳಿಗ್ಗೆ ಕನಕಗಿರಿಯ ಬಸ್ಸು ಹತ್ತಿ ಊರಿಗೆ ಹೋದ. ಮರಿಸ್ವಾಮಿ ಮಾಸ್ತರ ಅಂಗಳದಲ್ಲಿ ಮದ್ದಲೆಯ ಚರ್ಮಕ್ಕೆ ಕಪ್ಪು ಕರಣೆ ಹಚ್ಚುತ್ತ ಕೂತಿದ್ದ. ಪಕೀರಪ್ಪನನ್ನು ಕಂಡು ಜಗಳಕ್ಕೇ ಬಂದನೆಂದು ಮೈಯೆಲ್ಲ ಬಿಗಿಹಿಡಿದ.

"ಸಾರಥಿ ವೀಳ್ಯ ಯಾರರೆ ಹಿಡದಾರೇನು ಮಾಸ್ತರ?"

"ಇಲ್ಲ. ಯಾಕ?"

ಪಕೀರಪ್ಪ ಬಲಗೈ ಚಾಚಿದ. ಮರಿಸ್ವಾಮಿ ಆ ಕೈಯನ್ನೂ ಮೀಸೆಯನ್ನೂ ಒಮ್ಮೆ ನೋಡಿ, ಒಳಗೆ ಹೋಗಿ ಎಲೆ ಅಡಿಕೆ ತಂದ. ಕೊಡುವ ಮುನ್ನ ತಡೆದ.

"ರಾಜನ ಪಾತ್ರ ಅಯ್ಯಪ್ಪಗ ಹೋತಂತ ಮನಸಿನಾಗ ಏನರೆ ಐತೇನು? ಇದ್ರ ಈಗ ಹೇಳಿಬಿಡು."

"ಏನಿಲ್ರಿ. ಆ ಹುಡುಗನ್ನ ಕರಸ್ರಿ, ತಾಲೀಮು ಮಾಡೂಣು. ನನ್ನ ಮಗಳು ನನಗ ಹೆಂಗ ಕೇಳಿದ್ಲೋ ಹಂಗ ಅವಗ ಕೇಳ್ತೀನಿ. ಮತ್ತ ಮುಂದಿನ ಆಟಕ್ಕ ರೂಪಾಗೂ ಒಂದು ವೀಳ್ಯ ತಗದಿಡ್ರಿ."

ಮರಿಸ್ವಾಮಿ ಅಂಗೈಯಲ್ಲಿ ವೀಳ್ಯ ಇಟ್ಟ. ಪಕೀರಪ್ಪ ಅದನ್ನು ಕಣ್ಣಿಗೊತ್ತಿಕೊಂಡ.

"ಅಲ್ಲೋ, ರಾಜನ ಪಾತ್ರ ಬಿಟ್ಟು ನೀ ಹೆಂಗ ಇರ್ತಿ ಅಂತ ನನಗ ಚಿಂತಿ ಆಗಿತ್ತು" ಎಂದ ಮಾಸ್ತರ.

"ಬಿಟ್ಟವರ್ಯಾರು?" ಎಂದ ಪಕೀರಪ್ಪ. ಬನಿಯನ್ನಿನ ಜೇಬಿನಿಂದ ಮಡಿಸಿದ ಹಾಳೆ ತೆಗೆದು, ಬಿಡಿಸಿ, ನೀಲಿ ಸಹಿಯ ಕೆಳಗೆ ಬೆರಳಿಟ್ಟು ತೋರಿಸಿದ. "ರಾಜನ ವೀಳ್ಯ ನನ್ನ ಕಡೆ ಮೊದಲ ಐತಿ ಮಾಸ್ತರ. ನೋಡ್ರಿ, ನಿಯಮದ ಪ್ರಕಾರ ಐತಿ."